ಸಂಪಾದಕರ ಉತ್ತರ: ಎಲ್ಲರಿಗೂ ಗೊತ್ತಿರುವ ಹಾಡನ್ನು ನಮ್ಮದಾಗಿಸಿಕೊಳ್ಳುವುದು ಹೇಗೆ?

ಆತ್ಮೀಯ ಓದುಗರೇ,

ನಿಮ್ಮ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ಎಲ್ಲರಿಗೂ ಬಾಯಿಪಾಠವಾಗಿರುವ ಹಾಡೊಂದನ್ನು ನೀವು ಮೂಲ ಗಾಯಕರಂತೆಯೇ ಹಾಡಿದಾಗ ಕೇಳುಗರು ‘ಥೇಟ್ ಅವರ ಹಾಗೆಯೇ ಇದೆ’ ಎಂದು ಮೆಚ್ಚಿಕೊಂಡರು. ಆ ಮೆಚ್ಚುಗೆಯಿಂದ ನಿಮಗೆ ತೃಪ್ತಿಯಾಗಲಿಲ್ಲ. ಅದೇ ಹಾಡಿಗೆ ಅಲ್ಲಲ್ಲಿ ಆಲಾಪ ಸೇರಿಸಿ, ಸ್ವರಗಳನ್ನು ಬಳುಕಿಸಿ, ಕೊನೆಯನ್ನು ಬದಲಿಸಿ ಹಾಡಿದಾಗ ‘ಒಳ್ಳೆಯ ಹಾಡನ್ನು ಕೆಡಿಸಿದಿರಿ’ ಎಂಬ ಮಾತು ಬಂತು. ಈಗ ಅದನ್ನು ಧ್ವನಿಮುದ್ರಿಸಲು ಹೊರಟಿರುವ ನೀವು, ಹಾಡನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು, ಬದಲಿಸುವುದು ಮೂಲಕ್ಕೆ ಅಗೌರವವಾಗುವುದಿಲ್ಲವೇ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಅಗೌರವವಾಗುವುದಿಲ್ಲ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಕರ್ನಾಟಕ ಸಂಗೀತದ ಗಾಯಕರಿಂದಲೂ ಕೇಳಿ, ಭೀಮಸೇನ ಜೋಶಿಯವರಿಂದಲೂ ಕೇಳಿ ಬೆಳೆದವರು ನಾವು. ಒಬ್ಬರು ಹಾಡಿದ್ದರಿಂದ ಇನ್ನೊಬ್ಬರದು ಕೆಟ್ಟಿತೆಂದು ನಮಗೆ ಎಂದೂ ಅನ್ನಿಸಿಲ್ಲ. ಹಾಡು ಹಲವರ ಕೊರಳನ್ನು ದಾಟಿ ಬರುವುದೇ ಅದರ ಆಯುಷ್ಯ ಎಂದು ನಂಬಿದವನು ನಾನು.

ಮೊದಲನೆಯ ಪ್ರಶ್ನೆಗೆ ಮಾತ್ರ ವಿವರವಾಗಿಯೇ ಉತ್ತರಿಸಬೇಕಾಗಿದೆ. ಎಷ್ಟು ಬದಲಿಸಬೇಕು ಎಂಬ ಲೆಕ್ಕದಿಂದ ಹೊರಟರೆ ನಿಮಗೆ ಆಗಿರುವುದೇ ಮತ್ತೆ ಆಗುತ್ತದೆ. ಅಲ್ಲೊಂದು ಇಲ್ಲೊಂದು ಅಲಂಕಾರ ಸೇರುತ್ತದೆ, ಹಾಡು ಮಾತ್ರ ಮೂಲ ಗಾಯಕರದಾಗಿಯೇ ಉಳಿಯುತ್ತದೆ. ಹಾಡಿನ ಮಾತುಗಳನ್ನು ಈಗ ಆಡುತ್ತಿರುವವರು ಯಾರು, ಯಾರಿಗೆ ಆಡುತ್ತಿದ್ದಾರೆ, ಅವರ ಸ್ಥಿತಿಯೇನು ಎಂಬುದನ್ನು ನೀವು ಮೊದಲು ತೀರ್ಮಾನಿಸಬೇಕು. ಶ್ರುತಿ, ಲಯ, ವಾದ್ಯ, ಕೊನೆಗೆ ಯಾವ ಅಕ್ಷರವನ್ನು ಎಷ್ಟು ಎಳೆಯಬೇಕೆಂಬುದು ಕೂಡ ಆ ತೀರ್ಮಾನದಿಂದಲೇ ಹುಟ್ಟಬೇಕು.

ಇದಕ್ಕೆ ‘ರೆಸ್ಪೆಕ್ಟ್’ (ಮರ್ಯಾದೆ) ಎಂಬ ಇಂಗ್ಲಿಷ್ ಹಾಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ ಅದನ್ನು ಬರೆದು ಹಾಡಿದ್ದು 1965ರಲ್ಲಿ. ಅಲ್ಲಿ ಮಾತಾಡುವವನು ದುಡಿದು ಮನೆಗೆ ಮರಳುವ ಗಂಡಸು. ನಾನಿಲ್ಲದಾಗ ಬೇಕಾದರೆ ನನಗೆ ಮೋಸ ಮಾಡು, ಮನೆಗೆ ಬಂದಾಗ ಮಾತ್ರ ಒಂದಿಷ್ಟು ಮರ್ಯಾದೆ ಕೊಡು ಎಂದು ಆತ ಬೇಡಿಕೊಳ್ಳುತ್ತಾನೆ. 1967ರಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಅದೇ ಹಾಡನ್ನು ಹಾಡಿದಾಗ ಮಾತಾಡುವವಳು ಹೆಂಗಸಾದಳು. ಅಷ್ಟಕ್ಕೇ ನಿಂತಿದ್ದರೆ ಅದು ಸರ್ವನಾಮಗಳ ಅದಲುಬದಲು ಮಾತ್ರ ಆಗುತ್ತಿತ್ತು. ಆಕೆ ಆ ಸಾಲನ್ನೇ ತಿರುಗಿಸಿ, ನೀನಿಲ್ಲದಾಗ ನಾನು ನಿನಗೆ ಮೋಸ ಮಾಡುವುದಿಲ್ಲ ಎಂದು ಹಾಡಿದರು. ಮೋಸ ಮಾಡದವಳು ಮರ್ಯಾದೆಯನ್ನು ಬೇಡುವುದಿಲ್ಲ, ತನ್ನ ಹಕ್ಕೆಂದು ಕೇಳುತ್ತಾಳೆ. ‘ರೆಸ್ಪೆಕ್ಟ್’ ಎಂಬ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ, ಇಂದು ಎಲ್ಲರ ನೆನಪಿನಲ್ಲಿರುವ ಭಾಗ ರೆಡ್ಡಿಂಗ್ ಅವರ ಮುದ್ರಿಕೆಯಲ್ಲಿ ಇರಲೇ ಇಲ್ಲ. ಹಿನ್ನೆಲೆಯ ಹೆಣ್ಣುದನಿಗಳು ಆಕೆಯ ಮಾತಿಗೆ ಬೆಂಬಲವಾಗಿ ನಿಂತವು. ನಡುವೆ ಬರುವ ಸ್ಯಾಕ್ಸೊಫೋನ್ ಭಾಗಕ್ಕೆ ಬೇರೊಂದು ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ತಂದು ಜೋಡಿಸಲಾಯಿತು. ಎಣಿಸಿ ನೋಡಿದರೆ ಬದಲಾವಣೆಗಳು ಬಹಳವೇ ಇವೆ, ಆದರೆ ಅವುಗಳಲ್ಲಿ ಒಂದೂ ಬರಿಯ ಶೋಭೆಗಾಗಿ ಬಂದದ್ದಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ, ತೆಗೆಯುತ್ತಾ ಹೋಗುವುದು. ಅಮೆರಿಕದ ರಾಕ್ ತಂಡ ನೈನ್ ಇಂಚ್ ನೇಲ್ಸ್‌ನ ‘ಹರ್ಟ್’ 1994ರಲ್ಲಿ ಬಂದಾಗ ಅದನ್ನು ಬರೆದು ಹಾಡಿದ ಟ್ರೆಂಟ್ ರೆಜ್ನರ್ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅದರ ಗಿಟಾರ್ ಪಲುಕಿನಲ್ಲಿ ಬೇಕೆಂದೇ ಇಟ್ಟ ಅಪಸ್ವರವೊಂದಿದೆ, ಕೊನೆಯಲ್ಲಿ ಗದ್ದಲ ಎದ್ದು ಹಾಡನ್ನು ಮುಚ್ಚಿಹಾಕುತ್ತದೆ. 2002ರಲ್ಲಿ, ಎಪ್ಪತ್ತು ದಾಟಿ ಆರೋಗ್ಯ ಕುಸಿದಿದ್ದ ಗಾಯಕ ಜಾನಿ ಕ್ಯಾಶ್ ಅದನ್ನು ಹಾಡಿದಾಗ ಆ ಅಪಸ್ವರ ಹೋಗಿ ಸರಳ ಕಾರ್ಡ್‌ಗಳು ಬಂದವು. ರಾಗ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಮಾತಿನಲ್ಲಿ ಆದ ಮುಖ್ಯ ಬದಲಾವಣೆ ಒಂದೇ: ಕಿರೀಟದ ಬಗೆಗಿನ ಸಾಲಿನಲ್ಲಿದ್ದ ಹೊಲಸು ಪದವನ್ನು ಬಿಟ್ಟು ‘ಮುಳ್ಳಿನ ಕಿರೀಟ’ ಎಂದು ಅವರು ಹಾಡಿದರು. ಆ ಒಂದು ಪದದಿಂದ, ತನ್ನನ್ನೇ ಹೇಸುವ ಯುವಕನ ಮಾತು ಕ್ರಿಸ್ತನನ್ನು ನಂಬಿದ ಮುದುಕನೊಬ್ಬನ ತಪ್ಪೊಪ್ಪಿಗೆಯಾಯಿತು. ಆ ದನಿಯಲ್ಲಿ ಕೇಳಿಬರುವ ನಡುಕವನ್ನು ಯಾರೂ ಅಳಿಸಿಹಾಕಲಿಲ್ಲ. ಅಳಿಸಿದ್ದರೆ ಹಾಡು ಅವರದಾಗುತ್ತಿರಲಿಲ್ಲ. ನಿಮ್ಮ ಕೊರಳಿನ ಮಿತಿಗಳ ಬಗ್ಗೆ ನೀವು ಪತ್ರದಲ್ಲಿ ಸಂಕೋಚದಿಂದ ಬರೆದಿದ್ದೀರಿ. ಅವನ್ನು ಮರೆಮಾಚುವ ಮೊದಲು, ಈ ಹಾಡನ್ನು ಹೇಳುತ್ತಿರುವ ವ್ಯಕ್ತಿಗೆ ಅಂಥ ಕೊರಳೇ ಇರಬಹುದೇ ಎಂದು ಕೇಳಿಕೊಳ್ಳಿ.

ಇನ್ನು ಕೆಲಸದ ಮಾತು. ಹಾಡಿನಲ್ಲಿ ರಚನೆ ಯಾವುದು, ಮೂಲ ಗಾಯಕರ ಹಾಡಿಕೆ ಯಾವುದು ಎಂಬುದನ್ನು ಬೇರ್ಪಡಿಸುವುದು ಮೊದಲ ಹೆಜ್ಜೆ. ಒಂದೇ ಮುದ್ರಿಕೆಯನ್ನು ನೂರಾರು ಬಾರಿ ಕೇಳಿದವರಿಗೆ ಇವೆರಡೂ ಒಂದೇ ಆಗಿ ಕೇಳಿಸುತ್ತವೆ. ಪದದ ತುದಿಯಲ್ಲಿ ಗಾಯಕರು ತೆಗೆದುಕೊಂಡ ಉಸಿರು ಕೂಡ ರಾಗದ ಭಾಗವೆಂದೇ ಅನ್ನಿಸಿಬಿಡುತ್ತದೆ. ಅದೇ ಗಾಯಕರು ಬೇರೆ ಬೇರೆ ಕಾಲದಲ್ಲಿ ವೇದಿಕೆಯ ಮೇಲೆ ಹಾಡಿದ್ದು ಸಿಕ್ಕಿದರೆ ಎರಡು ಮೂರನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿ. ಎಲ್ಲದರಲ್ಲೂ ಉಳಿದು ಬರುವುದು ರಚನೆ, ಒಂದರಿಂದ ಒಂದಕ್ಕೆ ಬದಲಾಗುವುದು ಹಾಡಿಕೆ. ಮೂಲ ಗಾಯಕರೇ ಬದಲಿಸಿರುವುದನ್ನು ನೀವು ಧಾರಾಳವಾಗಿ ಬದಲಿಸಬಹುದು. ಆಮೇಲೆ ಸಾಹಿತ್ಯವನ್ನು ಕೈಯಿಂದ ಬರೆದುಕೊಂಡು, ರಾಗವನ್ನು ಬಿಟ್ಟು ಮಾತಿನಂತೆ ಗಟ್ಟಿಯಾಗಿ ಓದಿ. ಓದುವಾಗ ನಿಮ್ಮ ನಾಲಿಗೆ ಒತ್ತು ಕೊಡುವ ಪದ ಯಾವುದು, ಮುದ್ರಿಕೆಯಲ್ಲಿ ಒತ್ತು ಬಿದ್ದಿರುವ ಪದ ಯಾವುದು ಎಂದು ಗುರುತು ಹಾಕಿಕೊಳ್ಳಿ. ಎರಡೂ ಬೇರೆಯಾಗಿರುವ ಕಡೆಗಳಲ್ಲೇ ನಿಮ್ಮ ಹಾಡು ಅಡಗಿದೆ.

ಕರೋಕೆ ಟ್ರ್ಯಾಕನ್ನು ದಯವಿಟ್ಟು ಮುಟ್ಟಬೇಡಿ. ಅದರಲ್ಲಿ ಶ್ರುತಿ, ವೇಗ, ಉಸಿರಿನ ಜಾಗ ಎಲ್ಲವೂ ಇನ್ನೊಬ್ಬರ ಅಳತೆಗೆ ಹೊಲಿದದ್ದು. ಒಂದು ತಂಬೂರಿ, ಇಲ್ಲವೇ ಒಂದೇ ಗಿಟಾರ್ ಇದ್ದರೆ ಸಾಕು.

ಶ್ರುತಿಯನ್ನು ಆರಿಸುವಾಗ ಹಾಡಿನ ಅತ್ಯಂತ ಎತ್ತರದ ಸಾಲಿನಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ. ಮೂಲದಲ್ಲಿ ಗಾಯಕರು ಆ ಸಾಲಿನಲ್ಲಿ ತಮ್ಮ ಕೊರಳಿನ ಅಂಚನ್ನು ತಲುಪಿರುತ್ತಾರೆ. ಕೇಳುಗರ ಮೈ ಜುಮ್ಮೆನ್ನುವುದು ಆ ಪ್ರಯಾಸಕ್ಕೆ. ಅದೇ ಸಾಲು ನಿಮ್ಮ ಕೊರಳಿಗೆ ಸುಲಭವಾಗಿ ಕೂರುವ ಶ್ರುತಿಯಲ್ಲಿ ಹಾಡಿದರೆ ಸ್ವರ ಸರಿಯಿದ್ದರೂ ಸಾಲು ಸಪ್ಪೆಯಾಗುತ್ತದೆ. ಅಲ್ಲಿ ನಿಮಗೆ ಪ್ರಯಾಸ ಬೇಕೇ, ಅಥವಾ ಮೂಲದಲ್ಲಿ ಕೂಗಾಗಿದ್ದದ್ದು ನಿಮ್ಮಲ್ಲಿ ಪಿಸುಮಾತಾಗಬೇಕೇ? ಅದನ್ನು ನಿರ್ಧರಿಸಿದ ಮೇಲೆ ಅರ್ಧ ಸ್ವರದಷ್ಟು ಮೇಲೆ, ಅರ್ಧ ಸ್ವರದಷ್ಟು ಕೆಳಗೆ ಸರಿಸುತ್ತಾ ಹುಡುಕಿ.

ವೇಗದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಲವಲವಿಕೆಯ ಹಾಡನ್ನು ನಿಧಾನಗೊಳಿಸಿ, ಒಂದು ಪಿಯಾನೊ ಇಟ್ಟುಕೊಂಡು, ಉಸುರುವ ದನಿಯಲ್ಲಿ ಹಾಡಿಬಿಟ್ಟರೆ ಅದು ತನ್ನಷ್ಟಕ್ಕೇ ಆಳವಾಗುತ್ತದೆ ಎಂಬ ನಂಬಿಕೆ ಈಗ ಎಲ್ಲೆಡೆ ಹಬ್ಬಿದೆ. ನನಗೆ ಇದು ಒಪ್ಪಿಗೆಯಿಲ್ಲ. ನಿಧಾನಗೊಳಿಸಿದಾಗ ಮಾತು ಬೆತ್ತಲಾಗುತ್ತದೆ, ಆ ಮಾತಿನಲ್ಲಿ ತೂಕವಿಲ್ಲದಿದ್ದರೆ ಅದೂ ಬಯಲಾಗುತ್ತದೆ. ‘ಮ್ಯಾಡ್ ವರ್ಲ್ಡ್’ 1982ರಲ್ಲಿ ಟಿಯರ್ಸ್ ಫಾರ್ ಫಿಯರ್ಸ್ ತಂಡದಿಂದ ಚುರುಕಾದ ತಾಳದಲ್ಲಿ ಬಂದು, 2001ರಲ್ಲಿ ಮೈಕೇಲ್ ಆಂಡ್ರೂಸ್ ಮತ್ತು ಗ್ಯಾರಿ ಜೂಲ್ಸ್ ಅವರ ಕೈಯಲ್ಲಿ ನಿಧಾನವಾದಾಗಲೂ ಕಳೆಗುಂದದೆ ನಿಂತದ್ದು ಅದರ ಮಾತು ಮೊದಲಿನಿಂದಲೂ ವಿಷಾದದ್ದೇ ಆಗಿದ್ದರಿಂದ. ಉಸಿರಿನ ಲೆಕ್ಕವೂ ಇದೆ: ನಿಮಿಷಕ್ಕೆ 120 ಬಡಿತಗಳಲ್ಲಿ 8 ಸೆಕೆಂಡಿಗೆ ಮುಗಿಯುವ 16 ಬಡಿತಗಳ ಸಾಲು, 80 ಬಡಿತಗಳಿಗೆ ಇಳಿದಾಗ 12 ಸೆಕೆಂಡು ತೆಗೆದುಕೊಳ್ಳುತ್ತದೆ. ಹೆಚ್ಚಾದ ಆ 4 ಸೆಕೆಂಡುಗಳನ್ನು ಎಳೆದ ಸ್ವರದಿಂದ ತುಂಬುತ್ತೀರೋ, ಮೌನದಿಂದಲೋ, ವಾದ್ಯದಿಂದಲೋ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿರಬೇಕು. ವೇಗದ ಜೊತೆಗೆ ತಾಳದ ನಡೆಯನ್ನೇ ಬದಲಿಸುವುದು ಇನ್ನೊಂದು ದಾರಿ. ಬೀಟಲ್ಸ್ 1967ರಲ್ಲಿ ನಾಲ್ಕರ ನಡೆಯಲ್ಲಿ ಹಾಡಿದ್ದ ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ ಅನ್ನು ಜೋ ಕಾಕರ್ ಮರುವರ್ಷವೇ ಮೂರರ ನಡೆಗೆ ತಂದರು. ಗೆಳೆಯರ ಹಗುರ ಹಾಡು ಹತಾಶ ಮೊರೆಯಾಯಿತು.

ರಾಗವನ್ನು ಬಗ್ಗಿಸುವ ಆಸೆ ನಿಮಗಿರುವುದು ಪತ್ರದಿಂದ ತಿಳಿಯುತ್ತದೆ. ನನ್ನ ಸಲಹೆ, ಅದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಕೇಳುಗರು ಹಾಡನ್ನು ಗುರುತಿಸುವುದು ರಾಗದಿಂದ. ಅದು ಭದ್ರವಾಗಿದ್ದಷ್ಟೂ ಉಳಿದುದನ್ನು ಬದಲಿಸಲು ನಿಮಗೆ ಹೆಚ್ಚು ಸ್ವಾತಂತ್ರ್ಯ ಸಿಗುತ್ತದೆ. 1959ರ ಸಂಗೀತ ನಾಟಕವೊಂದರ ‘ಮೈ ಫೇವರಿಟ್ ಥಿಂಗ್ಸ್’ ಹಾಡನ್ನು ಜಾಝ್ ವಾದಕ ಜಾನ್ ಕೋಲ್ಟ್ರೇನ್ 1960ರಲ್ಲಿ ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ನುಡಿಸಿದಾಗ ಮೂಲ ರಾಗವನ್ನು ಯಾರು ಬೇಕಾದರೂ ಗುರುತಿಸುವಷ್ಟು ಸ್ಪಷ್ಟವಾಗಿಯೇ ಇಟ್ಟರು. ಅವರು ಬದಲಿಸಿದ್ದು ರಾಗದ ಸಾಲುಗಳ ನಡುವಿನ ಅವಕಾಶವನ್ನು. ಅಲ್ಲಿ ಎರಡು ಕಾರ್ಡ್‌ಗಳ ಮೇಲೆ ಸುತ್ತುತ್ತಾ ಮನೋಧರ್ಮವನ್ನು (ಆ ಕ್ಷಣದ ಕಲ್ಪನೆಯಿಂದ ನುಡಿಸುವುದನ್ನು) ಬೆಳೆಸಿ ಹಾಡನ್ನು ಹದಿಮೂರು ನಿಮಿಷ ಮೀರಿಸಿದರು. ಗಾಯನದಲ್ಲೂ ಹೀಗೆ ಮಾಡಬಹುದು. ಪಲ್ಲವಿಯನ್ನು ಮೊದಲ ಬಾರಿ ನೇರವಾಗಿ, ಯಾವ ಅಲಂಕಾರವೂ ಇಲ್ಲದೆ ಹಾಡಿದರೆ ಎರಡನೆಯ ಬಾರಿಯ ಒಂದು ಸಣ್ಣ ತಿರುವು ಕೂಡ ಕೇಳುಗರಿಗೆ ತಟ್ಟುತ್ತದೆ.

ನಿಮ್ಮ ಹಾಡಿನ ಆರಂಭದಲ್ಲಿ ಬರುವ ಆ ಪ್ರಸಿದ್ಧ ಕೊಳಲಿನ ತುಣುಕನ್ನು ಉಳಿಸಬೇಕೇ ಎಂದೂ ಕೇಳಿದ್ದೀರಿ. ಅದನ್ನು ಕೊಳಲಿನಲ್ಲೇ ಮರುಸೃಷ್ಟಿಸಿದರೆ ಹೋಲಿಕೆಯನ್ನು ನೀವೇ ಕರೆದಂತೆ. ಪೂರ್ತಿ ಬಿಟ್ಟರೂ ಕೇಳುಗರು ಅದನ್ನು ಮನಸ್ಸಿನಲ್ಲೇ ನುಡಿಸಿಕೊಳ್ಳುತ್ತಾರೆ. ಆರಂಭದಲ್ಲಿ ಬಿಟ್ಟು, ಅವರು ಕಾಯುವುದನ್ನು ನಿಲ್ಲಿಸಿದ ಮೇಲೆ ಎರಡನೆಯ ಚರಣದ ಕೊನೆಗೆ ನಿಮ್ಮ ಬಾಯಿಂದಲೇ ಗುನುಗಿದರೆ ಹೇಗೆ ಕೇಳಿಸೀತು, ಪ್ರಯತ್ನಿಸಿ ನೋಡಿ.

ಎಲ್ಲ ಚರಣಗಳನ್ನೂ ಹಾಡಲೇಬೇಕೆಂದಿಲ್ಲ. ಲೆನರ್ಡ್ ಕೊಹೆನ್ ಅವರ ‘ಹಲ್ಲೆಲೂಯಾ’ 1984ರಲ್ಲಿ ಬಂದಾಗ ಹೆಚ್ಚು ಜನರನ್ನು ತಲುಪಲಿಲ್ಲ. ಜಾನ್ ಕೇಲ್ ಅವರು ಕೊಹೆನ್ ಅವರಿಂದಲೇ ಆ ಹಾಡಿನ ಅನೇಕ ಚರಣಗಳನ್ನು ತರಿಸಿಕೊಂಡು, ತಮಗೆ ಹೊಂದುವಂಥವನ್ನು ಆರಿಸಿ, 1991ರಲ್ಲಿ ಪಿಯಾನೊ ನುಡಿಸುತ್ತಾ ಹಾಡಿದರು. 1994ರಲ್ಲಿ ಜೆಫ್ ಬಕ್ಲಿ ಹಾಡಿದ್ದು ಕೇಲ್ ಅವರ ಆಯ್ಕೆಯನ್ನು ಅನುಸರಿಸಿ. ಯಾವುದನ್ನು ಬಿಡಬೇಕೆಂಬ ವಿವೇಕವೂ ಗಾಯಕರ ಸೃಷ್ಟಿಯೇ ಎಂಬುದಕ್ಕೆ ಇದು ಸಾಕ್ಷಿ.

ಮೂಲ ಕರ್ತೃಗಳು ಏನೆಂದುಕೊಂಡಾರು ಎಂಬ ಅಳುಕು ನಿಮ್ಮ ಪತ್ರದುದ್ದಕ್ಕೂ ಇದೆ. ಬಾಬ್ ಡಿಲನ್ ಅವರ ‘ಆಲ್ ಅಲಾಂಗ್ ದ ವಾಚ್‌ಟವರ್’ 1967ರಲ್ಲಿ ಎರಡೂವರೆ ನಿಮಿಷದ, ಹಾರ್ಮೋನಿಕಾ ಬೆರೆತ ಸರಳ ಹಾಡಾಗಿತ್ತು. 1968ರಲ್ಲಿ ಜಿಮಿ ಹೆಂಡ್ರಿಕ್ಸ್ ಅದನ್ನು ಎಲೆಕ್ಟ್ರಿಕ್ ಗಿಟಾರಿನ ಬಿರುಗಾಳಿಯಾಗಿಸಿದ ಮೇಲೆ ಡಿಲನ್ ತಾವೇ ವೇದಿಕೆಯ ಮೇಲೆ ಅದನ್ನು ಹೆಂಡ್ರಿಕ್ಸ್ ರೀತಿಗೆ ಹತ್ತಿರವಾಗಿ ಹಾಡತೊಡಗಿದರು. ಪ್ರತಿಯೊಬ್ಬ ಕರ್ತೃವೂ ಹೀಗೆ ಒಪ್ಪುತ್ತಾರೆಂದು ನಾನು ಭರವಸೆ ಕೊಡಲಾರೆ. ಆದರೆ ಪ್ರಾಮಾಣಿಕವಾದ ಮರುಹಾಡಿಕೆ ಮೂಲ ಕರ್ತೃವಿಗೂ ತನ್ನ ಹಾಡಿನಲ್ಲಿ ಕಾಣದಿದ್ದುದನ್ನು ತೋರಿಸಬಲ್ಲದು.

ಧ್ವನಿಮುದ್ರಣಕ್ಕೆ ಮೊದಲು ಒಂದು ವ್ಯಾವಹಾರಿಕ ಸಂಗತಿ. ಹಾಡಿನ ರಚನೆಯ ಹಕ್ಕು ಬೇರೆ, ಮೂಲ ಧ್ವನಿಮುದ್ರಿಕೆಯ ಹಕ್ಕು ಬೇರೆ. ನೀವೇ ಹೊಸದಾಗಿ ಹಾಡಿ ನುಡಿಸಿದರೆ ಎರಡನೆಯದರ ಗೊಡವೆಯಿಲ್ಲ. ಆದರೆ ಮೊದಲನೆಯದಕ್ಕೆ ಪರವಾನಗಿ ಮತ್ತು ಗೌರವಧನ ಸಲ್ಲಬೇಕು. ಸಾಹಿತ್ಯವನ್ನು ಬದಲಿಸುವುದಾದರೆ ಅಥವಾ ಬೇರೆ ಭಾಷೆಗೆ ತರುವುದಾದರೆ ಹಕ್ಕುದಾರರ ಪ್ರತ್ಯೇಕ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಹಾಡು ಸಿದ್ಧವಾದ ಮೇಲಲ್ಲ, ಮೊದಲೇ. ಹಾಡನ್ನು ಬಿಡುಗಡೆ ಮಾಡುವಾಗ ಕವಿ, ಸಂಗೀತ ಸಂಯೋಜಕರು ಮತ್ತು ಮೊದಲು ಹಾಡಿದವರ ಹೆಸರುಗಳನ್ನು ನಿಮ್ಮ ಹೆಸರಿಗಿಂತ ಮುಂಚೆ ಹಾಕಿ. ಮುದ್ರಿಕೆ ಸಿದ್ಧವಾದಾಗ ನಮಗೂ ಕಳಿಸಿ. ಆ ಕೊಳಲಿನ ತುಣುಕನ್ನು ಏನು ಮಾಡಿದಿರೆಂದು ತಿಳಿಯುವ ಕುತೂಹಲ ನನಗಿದೆ.

— ಸಂಪಾದಕ