ಶ್ರೀರಂಗಪಟ್ಟಣದ ಬಳಿ ಹಳೆಯ ಪದ್ಧತಿಯನ್ನು ಗೌರವಿಸುವ ವಾರಾಂತ್ಯದ ಮನೆ ಕಟ್ಟುವುದು ಹೇಗೆ?

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ನಾಲೆ ಬಯಲಿನ ಅಂಚಿಗೆ ಎರಡು ಎಕರೆ ಜಮೀನಿದೆ, ವಾರದ ಕೊನೆಗೆ ಬಂದು ತಂಗುವುದಕ್ಕೂ ಮುಂದೆ ಅತಿಥಿಗಳಿಗೆ ಬಾಡಿಗೆಗೆ ಕೊಡುವುದಕ್ಕೂ ಆಗುವಂತೆ ನಡುವೆ ತೆರೆದ ಅಂಗಳ (ತೊಟ್ಟಿ) ಇರುವ ತೊಟ್ಟಿಮನೆಯ ಮಾದರಿಯಲ್ಲಿ ಆಧುನಿಕ ಮನೆಯೊಂದನ್ನು ಕಟ್ಟಬೇಕು, ಅದಕ್ಕೆ ಹಳೆಯ ಮನೆಗಳ ಮರದ ಕಂಬಗಳನ್ನು ಈಗಲೇ ಕೊಂಡಿಡಬೇಕೇ ಎಂದು ಕೇಳಿದ್ದೀರಿ. ಮೈಸೂರು, ಮಂಡ್ಯದ ಸುತ್ತ ಮನೆಗಳ ನಕ್ಷೆ ಮತ್ತು ಕಟ್ಟಡ ಕೆಲಸ ನೋಡಿಕೊಳ್ಳುವವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಕಂಬದ ಮಾತಿಗೆ ಮುಂಚೆ ಯೋಚಿಸಬೇಕಾದ ಸಂಗತಿ ಬೇರೆಯಿದೆ. ನಮ್ಮ ಕಡೆಯ ಹಳೆಯ ಮನೆಗಳು ನೂರಾರು ವರ್ಷ ಬಾಳಿದ್ದು ಮರದ ಗಟ್ಟಿತನದಿಂದ ಮಾತ್ರವಲ್ಲ, ಅವುಗಳಲ್ಲಿ ದಿನವೂ ಜನ ಇದ್ದರು ಎಂಬ ಕಾರಣದಿಂದ. ಸೌದೆ ಒಲೆಯ ಹೊಗೆ ಜಂತೆ, ತೊಲೆಗಳಿಗೆ ಅಡರಿ ಹುಳು ಹಿಡಿಯದಂತೆ ತಡೆಯುತ್ತಿತ್ತು. ಮುಂಗಾರಿಗೆ ಮೊದಲು ಯಾರಾದರೂ ಮೇಲೆ ಹತ್ತಿ ಒಡೆದ ಹೆಂಚನ್ನು ಬದಲಿಸುತ್ತಿದ್ದರು. ಗೋಡೆಯ ಬುಡದಲ್ಲಿ ಗೆದ್ದಲು ಕಂಡ ದಿನವೇ ಕೆರೆದು ತೆಗೆಯುತ್ತಿದ್ದರು. ವಾರದಲ್ಲಿ ಐದು ದಿನ ಬೀಗ ಹಾಕಿರುವ ಮನೆಗೆ ಈ ಯಾವ ಉಪಚಾರವೂ ಸಿಗುವುದಿಲ್ಲ. ಆದ್ದರಿಂದ ಹಳೆಯ ಮನೆಯ ಸಾಮಗ್ರಿಗಳನ್ನೆಲ್ಲ ಹಾಗೆಯೇ ತಂದು ಜೋಡಿಸುವುದಕ್ಕಿಂತ ಅದರ ವಿನ್ಯಾಸವನ್ನು ಉಳಿಸಿಕೊಂಡು, ನೋಡಿಕೊಳ್ಳುವವರಿಲ್ಲದ ಕಡೆ ಸಾಮಗ್ರಿಯನ್ನು ಬದಲಿಸುವುದೇ ಸರಿಯೆಂಬುದು ನನ್ನ ಅಭಿಪ್ರಾಯ.

ವಿನ್ಯಾಸವೆಂದರೆ ಮೊದಲು ಅಳತೆ. ಹಿಂದೆ ಮನೆಯನ್ನು ಅಂಕಣದ, ಎಂದರೆ ಎರಡು ಕಂಬಗಳ ನಡುವಿನ ಜಾಗದ, ಲೆಕ್ಕದಲ್ಲಿ ಹೇಳುತ್ತಿದ್ದರು; ಕಂಬದಿಂದ ಕಂಬಕ್ಕಿರುವ ಅಂತರವನ್ನು ಸಿಗುವ ತೊಲೆಯ ಉದ್ದವೇ ನಿರ್ಧರಿಸುತ್ತಿದ್ದುದರಿಂದ ಇಡೀ ಮನೆಗೆ ಒಂದು ಹದ ತಾನಾಗಿಯೇ ಬರುತ್ತಿತ್ತು. ನಿಮ್ಮ ವಾಸ್ತುಶಿಲ್ಪಿಗೆ ಕೋಣೆಗಳ ಪಟ್ಟಿಯನ್ನು ಕೊಡುವ ಬದಲು ಎಂಟು ಅಥವಾ ಒಂಬತ್ತು ಅಡಿಯ ಅಂಕಣಗಳಲ್ಲಿ ನಕ್ಷೆ ಬರೆಯಲು ಹೇಳಿ. ಜಗಲಿಗೆ ಒಂದು ಸಾಲು, ತೊಟ್ಟಿಯ ಸುತ್ತಲ ಪಡಸಾಲೆಗೆ ಒಂದು ಸಾಲು, ಮಲಗುವ ಕೋಣೆಗೆ ಎರಡು ಅಂಕಣ ಎಂದು ಹಂಚಿದರೆ ಕಂಬಗಳು ಉಕ್ಕಿನವಾದರೂ ಮನೆ ಈ ಸೀಮೆಯದೆಂದು ಕಾಣುತ್ತದೆ.

ತೊಟ್ಟಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಇತ್ತೀಚೆಗೆ ಕಟ್ಟುವ ಅನೇಕ ‘ತೊಟ್ಟಿಮನೆ’ಗಳಲ್ಲಿ ಮಳೆ ಬೀಳಬಾರದೆಂದು ಮೇಲೆ ಗಾಜನ್ನೋ ಪಾಲಿಕಾರ್ಬೊನೇಟ್ ಹಾಳೆಯನ್ನೋ ಮುಚ್ಚಿಬಿಡುತ್ತಾರೆ. ತೊಟ್ಟಿ ಇರುವುದೇ ಬಿಸಿ ಗಾಳಿ ಮೇಲಕ್ಕೆ ಹೊರಟುಹೋಗಲಿ, ರಾತ್ರಿಯ ತಂಪು ಒಳಗಿಳಿಯಲಿ ಎಂದು. ಅದನ್ನು ಮುಚ್ಚಿದರೆ ಬಿಸಿಲು ಒಳಗೆ ಬರುತ್ತದೆ, ಕಾವು ಹೊರಗೆ ಹೋಗುವುದಿಲ್ಲ, ಏಪ್ರಿಲ್‌ನಲ್ಲಿ ಮನೆ ಒಲೆಯಾಗುತ್ತದೆ. ಕಳ್ಳರ ಮತ್ತು ಕೋತಿಗಳ ಭಯಕ್ಕೆ ಕಬ್ಬಿಣದ ಜಾಲರಿ ಸಾಕು. ಮಳೆ ತೊಟ್ಟಿಯೊಳಗೆ ಬೀಳಲಿ, ಕಲ್ಲಿನ ಚರಂಡಿಯಲ್ಲಿ ಹರಿದು ಹೊರಗಿನ ನೀರಿನ ಟ್ಯಾಂಕಿಗೋ ಬಾವಿಗೋ ಸೇರಲಿ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯೆಂದು ಹಿಡಿದರೂ 1000 ಚದರ ಅಡಿಯ ಚಾವಣಿಯ ಮೇಲೆ ಬೀಳುವ ನೀರು ಸುಮಾರು 65,000 ಲೀಟರ್ ಆಗುತ್ತದೆ.

ಬಿಸಿಲಿನ ದಿಕ್ಕನ್ನೂ ಗಮನಿಸಬೇಕು. ನಾವಿರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರದ ಕಡೆಗೇ ವಾಲಿರುತ್ತಾನೆ. ಹೀಗಾಗಿ ಉತ್ತರದ ಗೋಡೆಗೆ ಬಿಸಿಲೇ ಬೀಳದೆಂಬ ಪುಸ್ತಕದ ಮಾತು ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಮನೆಯ ಉದ್ದವನ್ನು ಪೂರ್ವ ಪಶ್ಚಿಮವಾಗಿಟ್ಟು, ಪಶ್ಚಿಮಕ್ಕೆ ಬಚ್ಚಲು, ಉಗ್ರಾಣಗಳನ್ನು ತಳ್ಳಿ, ಸೂರನ್ನು ಎಲ್ಲ ಕಡೆಯೂ ಮೂರು ಅಡಿಯಷ್ಟು ಮುಂದಕ್ಕೆ ಚಾಚಿ. 1784ರ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ, ನಿಮ್ಮ ಜಮೀನಿನಿಂದ ದೂರವಿಲ್ಲ. ಅಲ್ಲಿನ ಭಿತ್ತಿಚಿತ್ರಗಳ ಜೊತೆಗೆ, ಮರದ ಕಂಬಗಳ ಅಗಲವಾದ ಪಡಸಾಲೆ ಒಳಗೋಡೆಯನ್ನು ಬಿಸಿಲಿನಿಂದ ಹೇಗೆ ಕಾಯುತ್ತದೆ ಎಂಬುದನ್ನೂ ಒಮ್ಮೆ ನೋಡಿ ಬನ್ನಿ.

ಗೋಡೆಗೆ ನಿಮ್ಮದೇ ಮಣ್ಣು ಆಗಬಹುದು, ಆದರೆ ಮೊದಲು ಪರೀಕ್ಷಿಸಬೇಕು. ಮರಳಿನಂಶ ಹೆಚ್ಚಿರುವ ಕೆಂಪು ಮಣ್ಣಾದರೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಚೆನ್ನಾಗಿ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಕಪ್ಪು ಎರೆ ಮಣ್ಣಾದರೆ ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಇಟ್ಟಿಗೆಗೆ ಮಣ್ಣನ್ನು ಬೇರೆಡೆಯಿಂದ ತರಿಸಿ, ಬುನಾದಿಯ ಆಳವನ್ನು ಎಂಜಿನಿಯರ್ ಹೇಳಿದಂತೆ ಇಡಿ. ನಾಲೆಯಲ್ಲಿ ನೀರು ಬಿಟ್ಟಾಗ ಸುತ್ತಲಿನ ಗದ್ದೆಗಳ ಶೀತ ಗೋಡೆಗೆ ಏರುತ್ತದೆಯಾದ್ದರಿಂದ ಸೈಜುಗಲ್ಲಿನ ತಳಪಾಯವನ್ನು ನೆಲದಿಂದ ಕನಿಷ್ಠ ಎರಡು ಅಡಿಯಾದರೂ ಎತ್ತರಿಸಬೇಕು. ಹಳೆಯ ಜಗಲಿಗಳ ಎತ್ತರಕ್ಕೆ ಇದೂ ಒಂದು ಕಾರಣ. ಒಳಗೋಡೆಗೆ ಸುಣ್ಣದ ಗಾರೆ ಉತ್ತಮ, ಆದರೆ ಕೃಷ್ಣರಾಜಸಾಗರದ ಅಣೆಕಟ್ಟೆಯನ್ನೇ ಸುರ್ಕಿ ಗಾರೆಯಲ್ಲಿ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ) ಕಟ್ಟಿದ ಈ ಜಿಲ್ಲೆಯಲ್ಲಿ ಇಂದು ಗಾರೆ ಅರೆದು ಬಳಿಯಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಅಂಥವರು ಸಿಕ್ಕಿದರೆ ಮಾತ್ರ ಆ ಕೆಲಸಕ್ಕೆ ಕೈಹಾಕಿ.

ಚಾವಣಿಯಲ್ಲಿ ಶುದ್ಧ ಸಂಪ್ರದಾಯದ ಹಟ ಬೇಡ. ನಾವು ನಮ್ಮದೆಂದು ಭಾವಿಸುವ ಮಂಗಳೂರು ಹೆಂಚು ಕೂಡ ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು. ಅದಕ್ಕೂ ಮುಂಚೆ ಇದ್ದದ್ದು ಕುಂಬಾರರ ನಾಡಹೆಂಚು, ಜೊತೆಗೆ ಹುಲ್ಲು ಮತ್ತು ಕಬ್ಬಿನ ಸೋಗೆ. ಈಗ ಹಳ್ಳಿಗಳಲ್ಲಿ ಜನ ಹೆಂಚನ್ನು ಬಿಟ್ಟು ಆರ್‌ಸಿಸಿ (ಕಬ್ಬಿಣದ ಸರಳಿನ ಕಾಂಕ್ರೀಟ್) ಹಾಕಿಸುತ್ತಿರುವುದಕ್ಕೆ ಅಂತಸ್ತಿನ ಆಸೆಯಷ್ಟೇ ಕಾರಣವೆನ್ನುವವರು ಹೆಂಚು ಒಡೆಯುವ ಕೋತಿಗಳ ಕಾಟವನ್ನು ಕಂಡಿರಲಾರರು. ಮಲಗುವ ಕೋಣೆಗಳಿಗೆ ಕೇರಳದ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ ಫಿಲ್ಲರ್ ಸ್ಲ್ಯಾಬ್ ಹಾಕಿಸಿ; ಕಾಂಕ್ರೀಟಿನ ಕೆಳಭಾಗದಲ್ಲಿ ಭಾರ ಹೊರದ ಜಾಗಕ್ಕೆ ಹೆಂಚು ಕೂರಿಸುವುದರಿಂದ ಸಿಮೆಂಟ್ ಉಳಿಯುತ್ತದೆ, ಒಳಗಿನಿಂದ ನೋಡಲು ಹೆಂಚೇ ಕಾಣುತ್ತದೆ. ಜಗಲಿ ಮತ್ತು ಪಡಸಾಲೆಗೆ ಮಾತ್ರ ಇಳಿಜಾರಾಗಿ ನಿಜವಾದ ಹೆಂಚು ಹೊದಿಸಿ. ಆ ಎತ್ತರಕ್ಕೆ ಏಣಿಯಿಟ್ಟು ದುರಸ್ತಿ ಮಾಡುವುದು ನಿಮ್ಮ ತೋಟ ನೋಡಿಕೊಳ್ಳುವವರಿಗೂ ಸಾಧ್ಯ.

ಕಂಬಗಳ ಪ್ರಶ್ನೆಗೆ ಉತ್ತರ: ಹೇಗೂ ಬಿದ್ದುಹೋಗುತ್ತಿರುವ ಮನೆಯ ಕಂಬಗಳಾದರೆ ಕೊಳ್ಳಿ, ಆದರೆ ನಕ್ಷೆ ಸಿದ್ಧವಾದ ಮೇಲೆ, ಬುಡ ಕೊಳೆತಿದೆಯೇ ಎಂದು ಉಳಿ ಹಾಕಿ ನೋಡಿ ಕೊಳ್ಳಿ. ಬೇಡಿಕೆ ಹೆಚ್ಚಿದಷ್ಟೂ ಗಟ್ಟಿಯಾಗಿರುವ ಮನೆಗಳನ್ನೂ ಮರದ ಬೆಲೆಗಾಗಿ ಕೆಡವಿಸುವ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. ಊರಿನ ಒಂದು ತೊಟ್ಟಿಮನೆಯನ್ನು ಕೆಡವಿ ನಿಮ್ಮ ತೊಟ್ಟಿಮನೆಗೆ ಅಲಂಕಾರ ಮಾಡುವುದು ನನಗೆ ಗೌರವವಾಗಿ ಕಾಣುವುದಿಲ್ಲ. ಹಳೆಯ ಬಾಗಿಲುವಾಡಗಳನ್ನು ಕೊಳ್ಳುವುದಾದರೆ ಎತ್ತರ ಅಳೆದು ನೋಡಿ, ಅತಿಥಿಗಳ ಹಣೆ ಬಡಿಯುತ್ತದೆ.

ಬಾಡಿಗೆಗೆ ಕೊಡುವ ಯೋಚನೆ ಇರುವುದರಿಂದ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಕಲಮಿನಂತೆ ಭೂಪರಿವರ್ತನೆಯ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ) ವಿಷಯವನ್ನು ಬುನಾದಿ ಅಗೆಯುವ ಮುಂಚೆಯೇ ವಿಚಾರಿಸಿಕೊಳ್ಳಿ. ಜಮೀನಿನ ಹತ್ತಿರ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಿತ ಸ್ಮಾರಕ ಇದ್ದರೆ ಅದರ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಶ್ರೀರಂಗಪಟ್ಟಣದ ಸುತ್ತ ಇಂಥ ಸ್ಮಾರಕಗಳು ಹಲವಿರುವುದರಿಂದ ಸರ್ವೆ ನಕ್ಷೆಯನ್ನು ಹಿಡಿದುಕೊಂಡು ಹೋಗಿ ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ.