ಪಿಟ್‌ಮನ್ ನೋಟ್‌ಬುಕ್ಕಿಗೆ ಫಾಂಟ್ ಹುಡುಕುತ್ತಾ ಕೂರಬೇಡಿ

ಪ್ರಶ್ನೆ: ನಮ್ಮ ತಂದೆ ಬಳ್ಳಾರಿಯ ಕೋರ್ಟಿನಲ್ಲಿ ಸ್ಟೆನೋ ಆಗಿದ್ದರು. ಅವರ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ನೋಟ್‌ಬುಕ್ಕುಗಳು ಮನೆಯಲ್ಲಿವೆ. ಯೂನಿಕೋಡಿಗೆ ಹಾಕಿಸಿದರೆ ಕಂಪ್ಯೂಟರಿನಲ್ಲಿ ಓದಬಹುದಲ್ವಾ?
– ಸಿರುಗುಪ್ಪದ ಓದುಗರು

ಉತ್ತರ: ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಆಗಲ್ಲ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡ, ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ. ಪಿಟ್‌ಮನ್ ಅದರಲ್ಲಿ ಇಲ್ಲ. ಅಲ್ಲಿರುವುದು ಡ್ಯುಪ್ಲೋಯನ್ ಎಂಬ ಫ್ರಾನ್ಸಿನ ಶೀಘ್ರಲಿಪಿ, 2014ರಲ್ಲಿ ಸೇರಿದ್ದು. ಕೆನಡಾದ ಕಾಮ್‌ಲೂಪ್ಸ್‌ನಲ್ಲಿ ಒಬ್ಬ ಪಾದ್ರಿ 1891ರಿಂದ ಆ ಲಿಪಿಯಲ್ಲಿ ಚಿನೂಕ್ ಜಾರ್ಗನ್ ಎಂಬ ಅಲ್ಲಿನ ವ್ಯಾಪಾರದ ಬೆರಕೆ ಭಾಷೆಯ ಪತ್ರಿಕೆಯನ್ನೇ ಹೊರಡಿಸಿದ್ದರು. ಬರೆದವರೊಬ್ಬರೇ ಅಲ್ಲ, ಊರೂರಿನವರು ಓದುತ್ತಿದ್ದ ಲಿಪಿ ಅದು.

ಪಿಟ್‌ಮನ್ ಕಥೆ ಬೇರೆ. ಪೆನ್ಸಿಲ್ ಹಿಡಿದು ನೋಡಿ. ನೆಟ್ಟಗೆ ಒಂದು ತೆಳು ಗೆರೆ ಇಳಿಸಿದರೆ ‘ಟ್’. ಅದನ್ನೇ ಒತ್ತಿ ದಪ್ಪ ಮಾಡಿದರೆ ‘ಡ್’. ಗೆರೆಯನ್ನು ಅರ್ಧಕ್ಕೆ ಮೊಟಕು ಮಾಡಿದರೆ ಜೊತೆಗೆ ಇನ್ನೊಂದು ‘ಟ್’ ಅಥವಾ ‘ಡ್’ ಸೇರಿದ ಹಾಗೆ. ಗುರುತು ಸಾಲಿನಿಂದ ಮೇಲಿದೆಯಾ, ಸಾಲಿನ ಮೇಲೆ ಕೂತಿದೆಯಾ, ಸಾಲನ್ನು ಸೀಳಿದೆಯಾ ಎಂದು ನೋಡಿ ಬಿಟ್ಟ ಸ್ವರ ಊಹಿಸಬೇಕು. ಜಡ್ಜ್ ಹೇಳುತ್ತಾ ಹೋದಾಗ ಸ್ವರದ ಚುಕ್ಕಿ ಇಡಲು ಪುರುಸೊತ್ತೆಲ್ಲಿ?

ಹಾಗಾಗಿ ದಯವಿಟ್ಟು ಜೆರಾಕ್ಸ್ ಮಾಡಿಸಿ ಮೂಲ ಪ್ರತಿ ರದ್ದಿಗೆ ಹಾಕಬೇಡಿ. ಜೆರಾಕ್ಸಿನಲ್ಲಿ ದಪ್ಪ, ತೆಳು ಎರಡೂ ಒಂದೇ ಕಪ್ಪು. ಬಣ್ಣದಲ್ಲಿ, 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ತಂದೆಯವರ ಜೊತೆ ಕೆಲಸ ಮಾಡಿದ ಸ್ಟೆನೋ ಯಾರಾದರೂ ಇದ್ದರೆ ಈ ವಾರವೇ ಹೋಗಿ. ಪುಟ ತಿರುಗಿಸುತ್ತಾ ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಟೈಪ್ ಮಾಡಿ. ಒಬ್ಬೊಬ್ಬ ಸ್ಟೆನೋಗೂ ಸ್ವಂತ ಗುರುತುಗಳಿರುತ್ತವೆ, ಅವು ಯಾವ ಪುಸ್ತಕದಲ್ಲೂ ಸಿಗಲ್ಲ. ಒಂದು ಎಚ್ಚರ: ಅದರಲ್ಲಿ ಸಾಕ್ಷಿ ಹೇಳಿದವರ ಹೆಸರುಗಳಿರಬಹುದು. ವಾಟ್ಸಾಪ್ ಗುಂಪಿಗೆ ಹಾಕಬೇಡಿ.

‘ಪಿಟ್‌ಮನ್ ಫಾಂಟ್’ ಎಂದು ದುಡ್ಡು ಕೀಳುವವರೂ ಇದ್ದಾರೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಗೆರೆಯ ಚಿತ್ರ ಕೂರಿಸಿರುತ್ತಾರೆ, ಅಷ್ಟೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಮುಂಚಿನ ‘ನುಡಿ’ ತಂತ್ರಾಂಶದ ಕನ್ನಡ ಫೈಲುಗಳಲ್ಲಿ ನಾವು ಪಟ್ಟ ಪಾಡು ಸಾಲದಾ?

ಪ್ರಶ್ನೆ: ಡ್ಯುಪ್ಲೋಯನ್ ಅಕ್ಷರಗಳು ನನ್ನ ಕಂಪ್ಯೂಟರಿನಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತವೆ.
– ಗಂಗಾವತಿ

ಉತ್ತರ: ಫಾಂಟ್ ಇಲ್ಲ. ‘ನೋಟೋ ಸಾನ್ಸ್ ಡ್ಯುಪ್ಲೋಯನ್’ ಉಚಿತ, ಹಾಕಿಕೊಳ್ಳಿ.

ಪ್ರಶ್ನೆ: ಫೋಟೋ ತೆಗೆದರೆ ಶಾರ್ಟ್‌ಹ್ಯಾಂಡ್ ಓದಿಕೊಡುವ ಆ್ಯಪ್ ನಂಬಬಹುದಾ?
– ರಾಯಚೂರು

ಉತ್ತರ: ನಿಮಗೆ ಅರ್ಥ ಗೊತ್ತಿರುವ ಒಂದು ಪುಟ ಕೊಟ್ಟು ನೋಡಿ. ಅದನ್ನು ಸರಿಯಾಗಿ ಓದುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ.