ಪಿಯಾನೊ ಟೀಚರ್ ಜತೆ ಪ್ರಶ್ನೋತ್ತರ: ಮೈಸೂರು ಅರಸರ ರಷ್ಯನ್ ಪ್ಲೇಟುಗಳು

ಕಳೆದ ಸಂಚಿಕೆಯಲ್ಲಿ ರಷ್ಯನ್ ಸಂಗೀತಗಾರ, ಪಿಯಾನೊ ವಾದಕ ರಖ್ಮಾನಿನೊವ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದೀತೆಂದು ಎಣಿಸಿರಲಿಲ್ಲ. ಈ ಸಲ ಮಕ್ಕಳ ಗ್ರೇಡ್ ಪರೀಕ್ಷೆ, ಕೀಬೋರ್ಡ್ ಖರೀದಿಯ ಪ್ರಶ್ನೆಗಳನ್ನು ಬದಿಗಿಡುತ್ತೇನೆ. ಇಪ್ಪತ್ತನೇ ಶತಮಾನದ ರಷ್ಯನ್ ಪಿಯಾನೊ ಸಂಗೀತವನ್ನು ಯಾವ ರೆಕಾರ್ಡಿಂಗಿನಲ್ಲಿ ಕೇಳಬೇಕು, ಹೇಗೆ ಕೇಳಬೇಕು ಎಂಬುದಷ್ಟೇ ಇಂದಿನ ವಿಷಯ.

ಪ್ರಶ್ನೆ: ಟೀಚರ್, ರಖ್ಮಾನಿನೊವ್ ಅವರ ಎರಡನೇ ಪಿಯಾನೊ ಕನ್ಸರ್ಟೊವನ್ನು ಮೊಬೈಲಿನಲ್ಲಿ ಹುಡುಕಿದರೆ ರಾಶಿ ರಾಶಿ ಸಿಗುತ್ತದೆ. ಯಾವುದನ್ನು ಮೊದಲು ಕೇಳಲಿ?
— ನಿವೃತ್ತ ಬ್ಯಾಂಕ್ ನೌಕರರು, ಕಡಿಯಾಳಿ, ಉಡುಪಿ

ಕನ್ಸರ್ಟೊ ಎಂದರೆ ಒಂದು ವಾದ್ಯವೂ ಇಡೀ ಆರ್ಕೆಸ್ಟ್ರಾವೂ ಕೂಡಿ ನುಡಿಸುವ ಕೃತಿ. ಬರೆದವರೇ ನುಡಿಸಿದ್ದು ಇರುವಾಗ ಬೇರೆಯವರ ಬಾಗಿಲು ಯಾಕೆ ತಟ್ಟಬೇಕು? 1929ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಜತೆ, ಸ್ಟೊಕೊವ್‌ಸ್ಕಿ ನಿರ್ದೇಶನದಲ್ಲಿ ರಖ್ಮಾನಿನೊವ್ ಸ್ವತಃ ನುಡಿಸಿದ್ದಾರೆ. ಆರಂಭದಲ್ಲಿ ಪಿಯಾನೊ ಒಂದೇ, ಮೆಲ್ಲನೆ ಶುರುವಾಗಿ ದೊಡ್ಡದಾಗುತ್ತಾ ಹೋಗುವ ಸ್ವರಗುಚ್ಛಗಳು, ಒಂದೊಂದರ ನಡುವೆಯೂ ತೀರಾ ಕೆಳಗಿನ ಒಂದು ಮಂದ್ರ ಸ್ವರದ ಹೊಡೆತ. ನಮ್ಮ ಇಗರ್ಜಿಯ ದೊಡ್ಡ ಗಂಟೆ ಸಾವಿನ ದಿನ ಬಡಿಯುವಾಗ ಎರಡು ಬಡಿತಗಳ ನಡುವೆ ಉಸಿರು ಹಿಡಿದು ಕಾಯುತ್ತೇವಲ್ಲ, ಅದು ನೆನಪಾಗುತ್ತದೆ. ಹೆಚ್ಚಿನವರು ಇದನ್ನು ಎಳೆದೆಳೆದು ನುಡಿಸುತ್ತಾರೆ. ರಖ್ಮಾನಿನೊವ್ ಎಳೆಯುವುದೇ ಇಲ್ಲ. ದುಃಖದ ರಾಗವನ್ನು ಅಳದೆ ನುಡಿಸುತ್ತಾರೆ, ಹಾಗಾಗಿ ಕೇಳುವ ನಮಗೆ ಅಳು ಬರುತ್ತದೆ.

ಆಮೇಲೆ ರಷ್ಯನ್ ಪಿಯಾನೊ ವಾದಕ ರಿಕ್ಟರ್ ಅವರು ವಾರ್ಸಾ ಆರ್ಕೆಸ್ಟ್ರಾದ ಜತೆ 1959ರಲ್ಲಿ ಮಾಡಿದ್ದನ್ನು ಕೇಳಿ. ಅವೇ ಗಂಟೆಗಳು ಅಲ್ಲಿ ಬಹಳ ನಿಧಾನ, ಬೆಟ್ಟವೊಂದು ಎದ್ದು ಬಂದ ಹಾಗೆ. ಎರಡನ್ನೂ ಒಂದೇ ದಿನ ಕೇಳಬೇಡಿ ಎಂದು ನನ್ನ ವಿನಂತಿ. ನಡುವೆ ಒಂದು ರಾತ್ರಿಯಾದರೂ ಇರಲಿ.

ಪ್ರಶ್ನೆ: ಅಜ್ಜನ ಕಾಲದ 78ರ ಪ್ಲೇಟುಗಳು ಅಟ್ಟದಲ್ಲಿ ಸಿಕ್ಕಿವೆ. ಎಲ್ಲದಕ್ಕೂ ಬೂಷ್ಟು. ಸ್ಪಿರಿಟ್ ಹಾಕಿ ಒರೆಸಬಹುದೇ?
— ಗೃಹಿಣಿ, ಉರ್ವ, ಮಂಗಳೂರು

ಬೇಡ. ದಯವಿಟ್ಟು ಬೇಡ. ಈ ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಬೇಕೆನಿಸಿತು, ನೀವು ನಂಬರ್ ಬರೆದಿರಲಿಲ್ಲ.

78ರ ಪ್ಲೇಟನ್ನು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯನ್ನು, ಹಿಡಿದಿಟ್ಟಿರುವುದು ಅರಗು. ಬಡಗಿಗಳು ಅರಗಿನ ಚೂರನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮೇಜು ಕುರ್ಚಿಗೆ ಪಾಲಿಶ್ ಮಾಡುವುದನ್ನು ನೀವು ನೋಡಿರಬಹುದು. ಅಂದ ಮೇಲೆ ಸ್ಪಿರಿಟ್ ಹಾಕಿ ಒರೆಸಿದರೆ ಪ್ಲೇಟೇ ಕರಗುತ್ತದೆ, ಗೀರಿನಲ್ಲಿ ಬರೆದ ಸ್ವರ ಅದರ ಜತೆ ಹೋಗುತ್ತದೆ. ನನಗೆ ಹದಿನಾಲ್ಕು ವರ್ಷವಿದ್ದಾಗ, ಮಳೆಗಾಲದ ಒಂದು ಆಟಿ ತಿಂಗಳಲ್ಲಿ, ಪಪ್ಪನ ಪ್ಲೇಟೊಂದನ್ನು ನಾನು ಹೀಗೇ ಹಾಳು ಮಾಡಿದೆ. ಎಚ್‌ಎಂವಿ ಕಂಪನಿಯ ನಾಯಿ ಮಾರ್ಕಿನ ಪ್ಲೇಟು, ರಖ್ಮಾನಿನೊವ್ ಸ್ವತಃ ನುಡಿಸಿದ ಸಿ ಶಾರ್ಪ್ ಮೈನರ್ ಪ್ರಿಲ್ಯೂಡ್ ಎಂಬ ಪುಟ್ಟ ಕೃತಿ. ಹತ್ತಿಯಲ್ಲಿ ಕಪ್ಪು ಬಣ್ಣ ಏರುವುದನ್ನು ಕಂಡು ಕೊಳೆ ಹೋಗುತ್ತಿದೆ ಎಂದು ಖುಷಿಪಟ್ಟು ಇನ್ನಷ್ಟು ಒರೆಸಿದೆ. ಪಪ್ಪ ಸಂಜೆ ಬಂದು ಮುಳ್ಳು ಇಟ್ಟರು, ಕೇಳಿದರು, ಮುಳ್ಳು ಎತ್ತಿದರು. ಬೈಯಲಿಲ್ಲ. ಆ ಪ್ಲೇಟನ್ನು ಲಕೋಟೆಗೆ ಹಾಕಿ ಮತ್ತೆ ಅದೇ ಜಾಗದಲ್ಲಿಟ್ಟರು. ಈಗಲೂ ಅದು ಅಲ್ಲೇ ಇದೆ.

ಹೀಗೆ ಮಾಡಿ: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಒಂದು ಬಟ್ಟಲಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ಸೋಪು. ಮೆತ್ತನೆಯ ಬಟ್ಟೆಯಿಂದ ಗೀರು ಹೋದ ದಿಕ್ಕಿನಲ್ಲೇ, ಅಂದರೆ ಸುತ್ತಲೂ, ಒರೆಸಿ. ನಡುವಿನ ಕಾಗದ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಮಲಗಿಸಿ ಪೇರಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ನಮ್ಮ ಕರಾವಳಿಯ ತೇವ ಒಳಗೇ ಕೂತು ಬೂಷ್ಟು ಮರಳಿ ಬರುತ್ತದೆ. ಇನ್ನೊಂದು ಮಾತು, ಎಲ್‌ಪಿಯ ಮುಳ್ಳಿನಲ್ಲಿ 78 ನುಡಿಸಬೇಡಿ. 78ರ ಗೀರು ಸುಮಾರು ಮೂರು ಪಟ್ಟು ಅಗಲ, ಅದಕ್ಕೆ ಬೇರೆಯೇ ಮುಳ್ಳು ಬೇಕು.

ಅಂದಿನ ಜಗತ್ತಿನ ಅರಗಿನಲ್ಲಿ ಹೆಚ್ಚಿನ ಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದ. ರಷ್ಯನ್ನರೊಬ್ಬರು ಅಮೆರಿಕದಲ್ಲಿ ನುಡಿಸಿದ್ದು ನಮ್ಮ ಕಾಡಿನ ಹುಳದ ಅರಗಿನ ಮೇಲೆ ಉಳಿದಿದೆ ಎಂದು ಯೋಚಿಸಿದಾಗಲೆಲ್ಲ ನನಗೆ ರೋಮಾಂಚನ.

ಪ್ರಶ್ನೆ: ಮೈಸೂರು ಮಹಾರಾಜರು ದುಡ್ಡು ಕೊಟ್ಟು ಯಾರೋ ರಷ್ಯನ್ ಸಂಗೀತಗಾರನ ಪ್ಲೇಟು ಮಾಡಿಸಿದ್ದರಂತೆ. ನಿಜವೇ ಅಥವಾ ಬಾಯಿಮಾತೇ?
— ಹೈಸ್ಕೂಲ್ ಮೇಷ್ಟ್ರು, ಪುತ್ತೂರು

ನಿಜ, ಮೇಷ್ಟ್ರೇ. ಈ ಪ್ರಶ್ನೆಗಾಗಿ ನಾನು ವರ್ಷಗಳಿಂದ ಕಾಯುತ್ತಿದ್ದೆ.

ಆ ಸಂಗೀತಗಾರ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಖ್ಮಾನಿನೊವ್ ಅವರ ಆಪ್ತ ಗೆಳೆಯ. ಮೆಟ್ನರ್ ತಮ್ಮ ಎರಡನೇ ಕನ್ಸರ್ಟೊವನ್ನು ರಖ್ಮಾನಿನೊವ್‌ಗೆ ಅರ್ಪಿಸಿದರೆ, ರಖ್ಮಾನಿನೊವ್ ತಮ್ಮ ನಾಲ್ಕನೆಯದನ್ನು ಮೆಟ್ನರ್‌ಗೆ ಅರ್ಪಿಸಿದರು. ಕ್ರಾಂತಿಯ ನಂತರ, 1921ರಲ್ಲಿ, ಮೆಟ್ನರ್ ರಷ್ಯಾ ಬಿಟ್ಟರು. ಕೊನೆಗೆ ನೆಲೆ ನಿಂತದ್ದು ಲಂಡನ್ನಿನಲ್ಲಿ. ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಹೃದಯದ ಕಾಯಿಲೆ ಬಂತು. 1943ರಲ್ಲಿ ರಖ್ಮಾನಿನೊವ್ ತೀರಿಕೊಂಡರು. ಹದಿನಾಲ್ಕು ಪಿಯಾನೊ ಸೊನಾಟಾ, ಅಂದರೆ ಒಂಟಿ ಪಿಯಾನೊದ ದೊಡ್ಡ ಕೃತಿಗಳನ್ನು, ಬರೆದ ಮನುಷ್ಯ, ಕೇಳುವವರು ಬೆರಳೆಣಿಕೆ.

ಅತ್ತ ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್. ಪಿಯಾನೊ ವಾದಕರಾಗಬೇಕೆಂದು ಅವರಿಗೆ ಮನಸ್ಸಿತ್ತು. 1940ರ ಒಂದೇ ವರ್ಷದಲ್ಲಿ ತಂದೆಯೂ ಹೋದರು, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಇಪ್ಪತ್ತೊಂದನೇ ವಯಸ್ಸಿಗೆ ಪಟ್ಟ. ಕಛೇರಿಯ ವೇದಿಕೆ ತಪ್ಪಿತು. ಸಂಗೀತ ಮಾತ್ರ ತಪ್ಪಲಿಲ್ಲ. ಶ್ರೀವಿದ್ಯಾ ಅಂಕಿತದ ಅವರ ಕರ್ನಾಟಕ ಸಂಗೀತದ ಕೃತಿಗಳನ್ನು ನೀವು ಕೇಳಿರುತ್ತೀರಿ. ಪಶ್ಚಿಮದ ಸಂಗೀತದಲ್ಲಿ ಅವರ ಒಲವು ಹೋದದ್ದು ಎಲ್ಲರೂ ಬಲ್ಲ ಹೆಸರುಗಳ ಕಡೆಗಲ್ಲ, ಲಂಡನ್ನಿನಲ್ಲಿ ಮುದುಕನಾಗುತ್ತಿದ್ದ ಈ ಮೆಟ್ನರ್ ಕಡೆಗೆ. ಅರಸರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್‌ಎಂವಿಯವರು 1940ರ ದಶಕದ ಕೊನೆಯಲ್ಲಿ ಮೆಟ್ನರ್ ಅವರ ಕೈಯಿಂದಲೇ ಅವರ ಕೃತಿಗಳನ್ನು ನುಡಿಸಿಸಿ 78ರ ಪ್ಲೇಟುಗಳ ಆಲ್ಬಮ್‌ಗಳನ್ನು ತಂದರು. ಫಿಲ್‌ಹಾರ್ಮೊನಿಯಾ ಆರ್ಕೆಸ್ಟ್ರಾದ ಜತೆ ಮೂರೂ ಕನ್ಸರ್ಟೊ ಇದೆ, ಒಂಟಿ ಪಿಯಾನೊದ ಕೃತಿಗಳಿವೆ, ಹಾಡುಗಳಿವೆ. ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡುತ್ತಾರೆ, ಪಕ್ಕದಲ್ಲಿ ಪಿಯಾನೊಗೆ ಮೆಟ್ನರ್ ಕೂತಿದ್ದಾರೆ. ಮೂರನೇ ಕನ್ಸರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು.

ಅರಸರು ಇನ್ನೈದು ವರ್ಷ ತಡ ಮಾಡಿದ್ದರೆ ಆ ಕೈ ನಮಗೆ ಸಿಗುತ್ತಿರಲಿಲ್ಲ. ಈ ಮಾತನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಬೃಂದಾವನ, ದಸರಾ, ಅರಮನೆಯ ದೀಪ ಎಲ್ಲವೂ ಅವರಿಗೆ ಗೊತ್ತು. ಇದು ಯಾರಿಗೂ ಗೊತ್ತಿಲ್ಲ.

ನನಗೂ ತಡವಾಗಿಯೇ ತಿಳಿಯಿತು. ಸೋವಿಯತ್ ಪುಸ್ತಕಗಳ ಪ್ರದರ್ಶನ ಬಂದಾಗ ಪಪ್ಪ ಮೆಲೋದಿಯಾ ಕಂಪನಿಯ ಒಂದು ಎಲ್‌ಪಿ ತಂದಿದ್ದರು. ಹೊದಿಕೆಯಲ್ಲಿ ಎಲ್ಲ ರಷ್ಯನ್ ಅಕ್ಷರ. ನುಡಿಸಿದವರು ರಷ್ಯನ್ ಪಿಯಾನೊ ವಾದಕ ಗಿಲೆಲ್ಸ್ ಎಂದು ಚಿತ್ರ ನೋಡಿ ಗೊತ್ತಾಯಿತು, ಬರೆದವರ ಹೆಸರು ಓದಲಾಗಲಿಲ್ಲ. ಬೆಂದೂರಿನ ಮನೆಯ ಚಾವಡಿಯಲ್ಲಿ, ಮಳೆಯ ಮಧ್ಯಾಹ್ನಗಳಲ್ಲಿ, ಎಷ್ಟೋ ವರ್ಷ ಅದನ್ನು ಹೆಸರಿಲ್ಲದೆಯೇ ಕೇಳಿದೆವು. ತೊಟ್ಟಿಲು ತೂಗಿದ ಹಾಗೆ ಶುರುವಾಗುತ್ತದೆ, ಎಲ್ಲೆಲ್ಲೋ ಹೋಗುತ್ತದೆ, ಒಮ್ಮೆ ಬಿರುಗಾಳಿಯೂ ಬರುತ್ತದೆ, ಕೊನೆಗೆ ಅದೇ ತೂಗು ಮರಳಿ ಬರುತ್ತದೆ. ಅದು ಮೆಟ್ನರ್ ಅವರ ಸೊನಾಟಾ ರೆಮಿನಿಸೆನ್ಸಾ, ಅಂದರೆ ನೆನಪಿನ ಸೊನಾಟಾ. ರಷ್ಯಾ ಬಿಡುವ ಮುನ್ನಿನ ಕಷ್ಟದ ವರ್ಷಗಳಲ್ಲಿ ಬರೆದದ್ದು. ಈ ಹೆಸರು ಮತ್ತು ಮೈಸೂರಿನ ಸಂಗತಿ ಎರಡೂ ನನಗೆ ಗೊತ್ತಾಗುವಾಗ ಪಪ್ಪ ಇರಲಿಲ್ಲ. ಅವರಿಗೆ ಹೇಳಬೇಕಿತ್ತು.

ನೀವು ಗಿಲೆಲ್ಸ್ ನುಡಿಸಿದ ಇದರಿಂದಲೇ ಶುರು ಮಾಡಿ. ಆಮೇಲೆ ಮೆಟ್ನರ್ ಸ್ವತಃ ನುಡಿಸಿದ ಸ್ಕಾಜ್ಕಾಗಳು. ಹೇಳುವುದು ಎಂಬ ಧಾತುವಿನಿಂದ ಬಂದ ರಷ್ಯನ್ ಪದವದು, ನಮ್ಮ ಅಜ್ಜಿಕತೆಯೇ ಸರಿ. ಮೂರು ನಾಲ್ಕು ನಿಮಿಷದ ಕತೆಗಳು, ರಕ್ಕಸನೂ ಇರುತ್ತಾನೆ. ಪ್ಲೇಟಿನ ಕರಕರ ಸದ್ದು ಮೊದಲು ಕಿವಿಗೆ ಚುಚ್ಚುತ್ತದೆ. ಎರಡನೇ ಸಲ ಕೇಳುವಾಗ ಕಿವಿ ತಾನೇ ಅದನ್ನು ದಾಟಿಕೊಳ್ಳುತ್ತದೆ. ಸದ್ದು ತೊಳೆದು ಚೊಕ್ಕ ಮಾಡಿದ ಕೆಲವು ಮರುಮುದ್ರಣಗಳಲ್ಲಿ ಕರಕರದ ಜತೆ ಪಿಯಾನೊದ ಮೇಲಿನ ಸ್ವರಗಳ ಹೊಳಪೂ ಹೋಗಿದೆ, ನನಗೆ ಅವು ಬೇಡ. ಎಲ್ಲ ಸೊನಾಟಾಗಳನ್ನೂ ಈಗಿನ ಸ್ಪಷ್ಟ ಧ್ವನಿಯಲ್ಲಿ ಕೇಳಬೇಕೆಂದರೆ ಮಾರ್ಕ್ ಆಂದ್ರೆ ಹ್ಯಾಮ್‌ಲಿನ್ ಹೈಪೀರಿಯನ್ ಕಂಪನಿಗೆ ನುಡಿಸಿದ್ದು ಇದೆ.

ಪ್ರಶ್ನೆ: ಪ್ರೊಕೊಫಿಯೆವ್ ಏಳನೇ ಸೊನಾಟಾದ ಕೊನೆಯ ಭಾಗ ಕೇಳಿದರೆ ತಲೆ ತಿರುಗುತ್ತದೆ, ತಾಳ ಹಿಡಿಯಲಾಗುವುದಿಲ್ಲ. ಯಾರು ನುಡಿಸಿದ್ದನ್ನು ಕೇಳಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಣಿಪಾಲ

ಮಗಳೇ, ನೀನು ಮಣಿಪಾಲದಲ್ಲಿದ್ದೀ, ಸುತ್ತಮುತ್ತ ಯಕ್ಷಗಾನ ಆಟ ಇದ್ದೇ ಇರುತ್ತದೆ. ಒಂದು ರಾತ್ರಿ ಕೂತು ತ್ರಿವುಡೆ ತಾಳಕ್ಕೆ ಕೈ ತಟ್ಟು. ಅದೂ ಏಳಕ್ಷರ, ಇದೂ ಏಳು. ತ್ರಿವುಡೆಯಲ್ಲಿ ತಕಿಟ ತಕಧಿಮಿ, ಇಲ್ಲಿ ಎರಡು ಮೂರು ಎರಡು: ತಕ ತಕಿಟ ತಕ. ಬಾಯಲ್ಲಿ ಹೇಳಿಕೊಂಡು ಕೇಳು, ಮೂರೇ ದಿನದಲ್ಲಿ ನಿಲುಕುತ್ತದೆ. ನನ್ನ ಶಿಷ್ಯೆಯರಿಗೆ ಹಾಗೇ ಕಲಿಸಿದ್ದು.

ಈ ಸೊನಾಟಾವನ್ನು ಮೊದಲು ನುಡಿಸಿದವರು ರಿಕ್ಟರ್, 1943ರ ಜನವರಿ 18ರಂದು ಮಾಸ್ಕೋದಲ್ಲಿ. ನಾಲ್ಕೇ ದಿನದಲ್ಲಿ ಕಲಿತಿದ್ದರಂತೆ. ಸ್ಟಾಲಿನ್‌ಗ್ರಾಡ್ ಕದನ ಇನ್ನೂ ಮುಗಿದಿರಲಿಲ್ಲ. ಕೇಳುವಾಗ ಆ ತಾರೀಕು ನೆನಪಿರಲಿ. ರಿಕ್ಟರ್ ನುಡಿಸಿದ್ದರಲ್ಲಿ ವೇಗಕ್ಕಿಂತ ಭಾರ ಹೆಚ್ಚು. ಇಟಲಿಯ ಪಿಯಾನೊ ವಾದಕ ಪೊಲ್ಲಿನಿ 1971ರಲ್ಲಿ ಮಾಡಿದ್ದು ಉಕ್ಕಿನಷ್ಟು ನಿಖರ, ಎಲ್ಲರೂ ಹೊಗಳುತ್ತಾರೆ, ನಾನೂ ತಲೆಬಾಗುತ್ತೇನೆ. ಆದರೆ ನಡುವಿನ ನಿಧಾನ ಭಾಗವನ್ನು ಬಿಟ್ಟು ಕೊನೆಯದನ್ನಷ್ಟೇ ಕೇಳುವ ಅಭ್ಯಾಸ ಬೇಡ. ಆ ಹಾಡು ಎದೆಯಲ್ಲಿದ್ದರೆ ಮಾತ್ರ ಮುಂದಿನ ಏಳರ ಓಟ ಎಲ್ಲಿಂದ ಓಡಿಬರುತ್ತಿದೆ ಎಂದು ತಿಳಿಯುತ್ತದೆ.

ಪ್ರಶ್ನೆ: ನನ್ನದು ರಾತ್ರಿ ಪಾಳಿ. ಬೆಳಗಿನ ಜಾವ ಮನೆಗೆ ಬಂದು ಮಲಗುವ ಮುಂಚೆ ಹತ್ತು ನಿಮಿಷ ಕೇಳುವಂಥದ್ದು ಏನಾದರೂ ಹೇಳಿ.
— ಆಸ್ಪತ್ರೆಯ ನರ್ಸ್, ಕಂಕನಾಡಿ

ರಷ್ಯನ್ ಸಂಗೀತಗಾರ ಶೊಸ್ತಕೋವಿಚ್ ಅವರ 24 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳು. ದಿನಕ್ಕೊಂದು ಜೋಡಿ. ನುಡಿಸಿದವರು ತತ್ಯಾನಾ ನಿಕೊಲಾಯೆವಾ, ಬೇರೆ ಯಾರೂ ಸದ್ಯಕ್ಕೆ ಬೇಡ.

1950ರಲ್ಲಿ ಜರ್ಮನ್ ಸಂಗೀತಗಾರ ಬಾಖ್ ತೀರಿಕೊಂಡು 200 ವರ್ಷವಾದ ನೆನಪಿಗೆ ಲೈಪ್‌ಜಿಗ್‌ನಲ್ಲಿ ಸ್ಪರ್ಧೆ ನಡೆಯಿತು. ಶೊಸ್ತಕೋವಿಚ್ ತೀರ್ಪುಗಾರರಲ್ಲಿ ಒಬ್ಬರು, ಗೆದ್ದವರು ನಿಕೊಲಾಯೆವಾ. ಮಾಸ್ಕೋಗೆ ಮರಳಿದ ಶೊಸ್ತಕೋವಿಚ್ ಆ ಅಕ್ಟೋಬರಿನಿಂದ ಮರುವರ್ಷದ ಫೆಬ್ರವರಿಯೊಳಗೆ ಇಪ್ಪತ್ತನಾಲ್ಕನ್ನೂ ಬರೆದು ಮುಗಿಸಿದರು. ಒಂದೊಂದು ಮುಗಿದಂತೆ ಆಕೆಯನ್ನು ಮನೆಗೆ ಕರೆದು ನುಡಿಸಿ ಕೇಳಿಸುತ್ತಿದ್ದರು. ಶಾಯಿ ಆರುವ ಮೊದಲೇ ಕೇಳಿದ ಕಿವಿ ಅದು. 1987ರ ಮೆಲೋದಿಯಾ ರೆಕಾರ್ಡಿಂಗ್ ಸಿಗುತ್ತದೆ, 1990ರ ಹೈಪೀರಿಯನ್‌ನದೂ ಸಿಗುತ್ತದೆ. ನನಗೆ ಮೊದಲಿನದು ಹೆಚ್ಚು ಆಪ್ತ. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದನ್ನೇ ನುಡಿಸುತ್ತಿರುವಾಗ ನಿಕೊಲಾಯೆವಾ ಅವರ ಮಿದುಳಿನಲ್ಲಿ ರಕ್ತಸ್ರಾವವಾಯಿತು, ಕೆಲವು ದಿನಗಳಲ್ಲಿ ತೀರಿಕೊಂಡರು.

ಮೊದಲನೆಯದರಿಂದಲೇ ಶುರು ಮಾಡಿ. ಅದರ ಫ್ಯೂಗ್‌ನಲ್ಲಿ ಪಿಯಾನೊದ ಒಂದೇ ಒಂದು ಕಪ್ಪು ಮನೆ ಮುಟ್ಟುವುದಿಲ್ಲ, ಎಲ್ಲವೂ ಬಿಳಿ ಮನೆಗಳೇ. ಒಂದು ದನಿ ಹಾಡಲು ತೊಡಗುತ್ತದೆ, ಎರಡನೆಯದು ಅದೇ ಹಾಡನ್ನು ಎತ್ತಿಕೊಳ್ಳುತ್ತದೆ, ಮೊದಲಿನದು ಬಿಡದೆ ಪಕ್ಕದಲ್ಲೇ ನಡೆಯುತ್ತದೆ, ಹೀಗೆ ನಾಲ್ಕು. ಆಮೇಲೆ ಏಳನೆಯದು, ಎ ಮೇಜರ್. ಅದರ ಫ್ಯೂಗ್‌ನಲ್ಲಿ ಕಿವಿಗೆ ಒರಟಾಗುವ ಒಂದು ಸ್ವರವೂ ಇಲ್ಲ. ರಾತ್ರಿಯಿಡೀ ರೋಗಿಗಳ ನಡುವೆ ಓಡಾಡಿ ಬಂದ ನಿಮಗೆ ಅದನ್ನು ಕೊಡಲು ನನಗೆ ತುಂಬಾ ಇಷ್ಟ. ಇಪ್ಪತ್ತನಾಲ್ಕನೆಯದು ಮಾತ್ರ ರಜೆಯ ದಿನಕ್ಕೆ ಇಟ್ಟುಕೊಳ್ಳಿ, ಅದು ಮಲಗಲು ಬಿಡುವುದಿಲ್ಲ.

ಪ್ರಶ್ನೆ: ಟೀಚರ್, ನಿಮ್ಮಲ್ಲಿಗೆ ಬಂದು ಆ ಮೆಲೋದಿಯಾ ಪ್ಲೇಟು ಕೇಳಬಹುದೇ?
— ಇಬ್ಬರು ಗೆಳೆಯರು, ಕುಂದಾಪುರ

ಖಂಡಿತ ಬನ್ನಿ. ಆದರೆ ಆಟಿ ಕಳೆಯಲಿ. ಈಗ ಗಾಳಿಯಲ್ಲಿ ನೀರೇ ತುಂಬಿದೆ, ಪ್ಲೇಟನ್ನು ಹೊದಿಕೆಯಿಂದ ತೆಗೆಯಲು ಮನಸ್ಸಾಗುವುದಿಲ್ಲ. ಚೌತಿ ಮುಗಿದ ಮೇಲೆ ಒಂದು ಶನಿವಾರ, ಮಕ್ಕಳ ಪಾಠ ಮುಗಿಯುವ ಹೊತ್ತಿಗೆ, ಐದು ಗಂಟೆಗೆ. ಪತ್ರಿಕೆಯ ಕಚೇರಿಗೆ ಬರೆದರೆ ಅವರು ನನಗೆ ತಿಳಿಸುತ್ತಾರೆ. ಉರ್ವದ ಅಮ್ಮ, ನೀವೂ ನಿಮ್ಮ ಅಜ್ಜನ ಪ್ಲೇಟುಗಳನ್ನು ತನ್ನಿ. ನನ್ನಲ್ಲಿ 78ರ ಮುಳ್ಳು ಇದೆ.